ಅಂಜಿಕೆ ಓಡಿಸಿದ ಮೀಸೆ ತಾಯಿ

 

ನಮ್ಮ ಗೋಡೆ ಪತ್ರಿಕೆಗೆ ಮಹನೀಯರ ಜೀವನ ಚರಿತ್ರೆ ಬರೆಯುವ ಪಾಳಿ ಈ ಸಲ ನನಗೆ ಬಂದಿದೆ. ಮುದಗಲ್ ಕೋಟೆ ನೋಡುತ್ತಲೇ ಬೆಳೆದವರು ನಾವು. ರಾಜರು, ಯುದ್ಧ, ತೋಪು ಇವೆಲ್ಲ ನಮಗೆ ಕೇಳಿ ಕೇಳಿ ಗೊತ್ತು. ಅದಕ್ಕೇ ನಾನು ಈ ಸಲ ಒಬ್ಬ ಮಾಸ್ತರರ ಕಥೆ ಆರಿಸಿಕೊಂಡೆ. ಅವರು ಸಾಲಿಯೊಳಗಿನ ಅಂಜಿಕೆಯ ಜೊತೆ ಜೀವನಪೂರ್ತಿ ಕುಸ್ತಿ ಹಿಡಿದವರು. ಅವರ ಹೆಸರು ಗಿಜುಭಾಯಿ ಬಧೇಕಾ.

ಗಿಜುಭಾಯಿ ಅವರು 1885ನೇ ಇಸವಿ ನವೆಂಬರ್ 15ರಂದು ಗುಜರಾತಿನ ಸೌರಾಷ್ಟ್ರ ಭಾಗದ ಚಿತ್ತಲ್ ಎಂಬ ಊರಿನಲ್ಲಿ ಜನಿಸಿದರು. ತಂದೆಯ ಹೆಸರು ಭಗವಾನ್‌ಜಿ. ಇವರ ನಿಜವಾದ ಹೆಸರು ಗಿರಿಜಾಶಂಕರ, ಆದರೆ ಎಲ್ಲರೂ ಕರೆದದ್ದು ಗಿಜುಭಾಯಿ ಅಂತಲೇ. ಭಾವನಗರದಲ್ಲಿ ಓದಿದರು. 1907ರಲ್ಲಿ ದುಡಿಯಲಿಕ್ಕೆ ಪೂರ್ವ ಆಫ್ರಿಕಾಕ್ಕೆ ಹೋದರು. ಎರಡು ವರ್ಷಕ್ಕೆ ತಿರುಗಿ ಬಂದು, ಮುಂಬೈಯಲ್ಲಿ ಕಾನೂನು ಓದಿ ವಕೀಲರಾದರು. ಹಾಗೇ ಇದ್ದಿದ್ದರೆ ಕರಿ ಕೋಟು ಹಾಕಿಕೊಂಡು ಆರಾಮಾಗಿ ಇರಬಹುದಿತ್ತು. ನಾವೂ ಅವರ ಹೆಸರು ಕೇಳುತ್ತಿರಲಿಲ್ಲ.

1913ರಲ್ಲಿ ಅವರಿಗೆ ಮಗ ಹುಟ್ಟಿದ. ಹೆಸರು ನರೇಂದ್ರ. ಈ ಕೂಸನ್ನು ನಾಳೆ ಯಾವ ಸಾಲಿಗೆ ಹಾಕಬೇಕು ಎಂಬ ಚಿಂತೆ ತಂದೆಗೆ ಹತ್ತಿತು. ಆಗಿನ ಸಾಲಿಗಳು ಹೇಗಿದ್ದವು ಅಂತ ನಮ್ಮ ಅಜ್ಜಂದಿರನ್ನು ಕೇಳಿದರೆ ಹೇಳ್ತಾರೆ. ಛಡಿ ಇಲ್ಲದೆ ವಿದ್ಯೆ ಬರಲ್ಲ ಅಂತ ಅಪ್ಪ ಅವ್ವನೂ ನಂಬಿದ್ದರು, ಮಾಸ್ತರರೂ ನಂಬಿದ್ದರು. ಗಿಜುಭಾಯಿ ಬೇರೆ ದಾರಿ ಹುಡುಕಿದರು. ವಸೋ ಎಂಬ ಊರಿನ ಮೋತಿಭಾಯಿ ಅಮೀನ್ ಅವರಿಂದ ಇಟಲಿಯ ಮರಿಯಾ ಮಾಂಟೆಸ್ಸೊರಿ ಎಂಬ ತಾಯಿಯ ವಿಚಾರಗಳು ತಿಳಿದವು. ಆ ತಾಯಿ 1907ರಲ್ಲಿ ರೋಮ್ ನಗರದ ಬಡವರ ಓಣಿಯಲ್ಲಿ ಮಕ್ಕಳ ಮನೆ ತೆರೆದಿದ್ದರು. ಬೈಗುಳ ಇಲ್ಲ, ಬಡಿತ ಇಲ್ಲ, ಮಕ್ಕಳು ತಾವೇ ಕೈಯಿಂದ ಮಾಡಿ ಕಲಿಯುತ್ತಿದ್ದರು.

ಮಗನ ಸಲುವಾಗಿ ಹುಡುಕಲು ಹೋದವರು ಎಲ್ಲ ಮಕ್ಕಳ ಸಲುವಾಗಿ ನಿಂತುಬಿಟ್ಟರು. 1916ರಲ್ಲಿ ವಕೀಲಿ ಬಿಟ್ಟು, ಭಾವನಗರದಲ್ಲಿ ನಾನಾಭಾಯಿ ಭಟ್ಟರು ನಡೆಸುತ್ತಿದ್ದ ದಕ್ಷಿಣಾಮೂರ್ತಿ ಸಂಸ್ಥೆ ಸೇರಿದರು. 1920ರಲ್ಲಿ ಅಲ್ಲೇ ಬಾಲಮಂದಿರ ಶುರು ಮಾಡಿದರು. ಗಿಜುಭಾಯಿ ಅವರಿಗೆ ದಪ್ಪ ಮೀಸೆ ಇತ್ತು. ಮೀಸೆ ನೋಡಿ ಅಂಜಬೇಕಾದ ಮಕ್ಕಳು ಅವರ ತೊಡೆ ಏರಿ ಕುಂತು ಕಥೆ ಕೇಳುತ್ತಿದ್ದರು. ಅದಕ್ಕೇ ಗುಜರಾತಿನ ಜನ ಅವರಿಗೆ ಮೀಸೆಯುಳ್ಳ ತಾಯಿ ಅಂತ ಹೆಸರಿಟ್ಟರು.

ಇನ್ನು ಚಿತ್ರದ ವಿಷಯಕ್ಕೆ ಬರ್ತೀನಿ. ನನಗೆ ಬಹಳ ಹಿಡಿಸಿದ್ದು ಇದೇ. ಬಾಲಮಂದಿರದಲ್ಲಿ ಕಥೆ, ಹಾಡು, ಮಣ್ಣಿನ ಕೆಲಸ, ತೋಟದ ಕೆಲಸದ ಜೊತೆಗೆ ಚಿತ್ರಕ್ಕೂ ಜಾಗ ಇತ್ತು. ಮಾಂಟೆಸ್ಸೊರಿ ಪದ್ಧತಿಯಲ್ಲಿ ಮಗು ಅಕ್ಷರ ಬರೆಯುವುದಕ್ಕಿಂತ ಮೊದಲು ಗೆರೆ ಎಳೆಯುತ್ತದೆ. ತಗಡಿನ ಚೌಕಟ್ಟಿನಲ್ಲಿ ತ್ರಿಕೋನ, ವೃತ್ತ ಕೊರೆದಿರುತ್ತಾರೆ. ಮಗು ಅದರ ಅಂಚಿಗೆ ಪೆನ್ಸಿಲ್ ಆಡಿಸಿ ಆಕಾರ ತೆಗೆದು, ಒಳಗೆ ಬಣ್ಣದ ಗೆರೆ ತುಂಬುತ್ತದೆ. ಬಡಿಗೇರು ಕಟ್ಟಿಗೆ ತಿಕ್ಕುವ ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಬೆರಳು ಆಡಿಸುತ್ತದೆ. ಹೀಗೆ ಆಡ್ತಾ ಆಡ್ತಾ ಕೈ ಹದಕ್ಕೆ ಬಂದು, ಒಂದು ದಿನ ತಾನೇ ಬರೆಯಲು ಹತ್ತುತ್ತದೆ. ಆ ಸಾಮಾನುಗಳು ತುಟ್ಟಿ. ಬಡ ಊರುಗಳಿಗೆ ಎಟಕುವುದಿಲ್ಲ ಅಂತ ಗಿಜುಭಾಯಿ ನಮ್ಮ ದೇಶದಲ್ಲಿ ಸಿಗುವ ಕಡಿಮೆ ಬೆಲೆಯ ಸಾಮಾನುಗಳನ್ನೇ ಬಳಸಿದರು. ಶಿಕ್ಷೆ ಬೇಡ, ಹಾಗೇ ಬಹುಮಾನದ ಆಸೆಯೂ ಬೇಡ ಎಂಬುದು ಅವರ ನಿಯಮ. ಮೊದಲ ನಂಬರು ಯಾರದು ಎಂಬ ಪೈಪೋಟಿ ಇಲ್ಲದಾಗ ಮಗು ಯಾರಿಗೆ ಅಂಜಬೇಕು?

ಲೆಕ್ಕಕ್ಕೆ ಒಂದೇ ಉತ್ತರ. ತಪ್ಪಿದರೆ ಕೆಂಪು ಗೆರೆ. ಆದರೆ ನಾನು ಬಿಡಿಸಿದ ಗಿಡ ತಪ್ಪು ಅಂತ ಯಾರು ಹೇಳ್ತಾರೆ? ನಮ್ಮ ಚಿಗವ್ವನ ಮಗ ಒಬ್ಬ ಇದ್ದಾನೆ, ಬೇರೆ ಊರಲ್ಲಿ ಓದ್ತಾನೆ. ಮುಂಜಾನೆ ಸಾಲಿ ಹೊತ್ತಾದ ಕೂಡಲೆ ಹೊಟ್ಟೆನೋವು ಅಂತ ಅಳ್ತಾನೆ. ಮಗ್ಗಿ ತಪ್ಪಿದರೆ ಬಡೀತಾರಂತ. ಮೊಹರಂ ರಜೆಗೆ ನಮ್ಮ ಮನೆಗೆ ಬಂದಾಗ ಅವನ ಕೈಗೆ ಖಡು ಕೊಟ್ಟೆ. ಪಡಸಾಲೆ ಬಂಡೆ ತುಂಬಾ ಮುದಗಲ್ ಆಲಾಯಿ ದೇವರು, ಕುಣಿ, ಹುಲಿ ವೇಷದವರು, ಹಲಗಿ ಬಾರಿಸೋರು ಎಲ್ಲರನ್ನೂ ಬಿಡಿಸಿದ. ಆಮೇಲೆ ಹುಲಿ ಎಷ್ಟು, ಹಲಗಿ ಎಷ್ಟು, ಎಲ್ಲ ಕೂಡಿದರೆ ಎಷ್ಟು ಮಂದಿ ಅಂತ ಕೇಳಿದೆ. ಪಟಪಟ ಅಂತ ಹೇಳಿದ. ಲೆಕ್ಕ ಅವನಿಗೆ ಬರ್ತಿತ್ತು. ಅಂಜಿಕೆ ಅದನ್ನು ಬಾಯಿಗೆ ಬರಗೊಡ್ತಿರಲಿಲ್ಲ ಅಷ್ಟೇ.

1932ರಲ್ಲಿ ಗಿಜುಭಾಯಿ ಅವರು ದಿವಾಸ್ವಪ್ನ ಎಂಬ ಪುಸ್ತಕ ಹೊರತಂದರು. ಹಾಗೆಂದರೆ ಹಗಲುಗನಸು. ಅದು ಕಟ್ಟಿದ ಕಥೆ, ಆದರೆ ಅವರ ಅನುಭವದಿಂದಲೇ ಹುಟ್ಟಿದ್ದು. ಒಬ್ಬ ಹೊಸ ಮಾಸ್ತರರು ಅಧಿಕಾರಿಯ ಅಪ್ಪಣೆ ಪಡೆದು, ಒಂದು ವರ್ಷ ನಾಲ್ಕನೆಯ ತರಗತಿಗೆ ತಮ್ಮ ರೀತಿಯಲ್ಲಿ ಕಲಿಸಲು ಬರುತ್ತಾರೆ. ಮೊದಲನೆಯ ದಿನವೇ ಸೋಲು! ಸುಮ್ಮನೆ ಕೂಡುವ ಆಟ ಆಡಿಸಲು ಹೋದರೆ ಹುಡುಗರು ಗದ್ದಲ ಎಬ್ಬಿಸಿಬಿಡ್ತಾರೆ. ಆ ಮಾಸ್ತರರು ಛಡಿ ಹುಡುಕಲಿಲ್ಲ. ಕಥೆ ಹೇಳಿ ಮಕ್ಕಳನ್ನು ಗೆದ್ದುಕೊಂಡರು. ಆಮೇಲೆ ಆಟ, ನಾಟಕ, ಊರ ಹೊರಗೆ ತಿರುಗಾಟ, ಚಿತ್ರ ಒಂದೊಂದಾಗಿ ತರಗತಿಯೊಳಗೆ ಬಂದವು.

ಈ ಪುಸ್ತಕದಿಂದ ನನಗೆ ಒಂದು ಹೊಸ ಮಾತು ತಿಳಿಯಿತು. ಅಂಜಿಕೆ ಬರೀ ಮಕ್ಕಳಿಗೆ ಇರುವುದಿಲ್ಲ, ಮೇಜಿನ ಆ ಕಡೆಗೂ ಇರುತ್ತದೆ. ಜೊತೆಯ ಮಾಸ್ತರರು ನಗ್ತಾರೆ. ಪಾಠ ಮುಗಿಯಲ್ಲ, ಪರೀಕ್ಷೆ ಗತಿ ಏನು ಅಂತ ಹಿರಿಯರು ಕೇಳ್ತಾರೆ. ಆಟ ಆಡಿಸ್ತಾರೆ, ಓದಿಸಲ್ಲ ಅಂತ ಪಾಲಕರು ದೂರು ತರ್ತಾರೆ. ಇಷ್ಟೆಲ್ಲ ಅಂಜಿಕೆ ಹೊತ್ತ ಮಾಸ್ತರರು ಅದನ್ನೇ ಮಕ್ಕಳ ಮೇಲೆ ಇಳಿಸುವುದು ಸುಲಭ. ಆ ಹೊಸ ಮಾಸ್ತರರು ಇಳಿಸಲಿಲ್ಲ. ತಾವೇ ಹೊತ್ತು ನಿಂತರು. ವರ್ಷದ ಕೊನೆಗೆ ಅಧಿಕಾರಿಯೇ ಬಂದು ನೋಡಿ ಮೆಚ್ಚಿದರು.

ಗಿಜುಭಾಯಿ ಅವರು ತಾರಾಬಾಯಿ ಮೋಡಕ್ ಅವರ ಜೊತೆಗೂಡಿ ಬಾಲಶಿಕ್ಷಣದ ಸಂಘ ಕಟ್ಟಿದರು, ಪತ್ರಿಕೆ ನಡೆಸಿದರು, ಶಿಕ್ಷಕರಿಗೆ ತರಬೇತಿ ಕೊಟ್ಟರು. ಸಣ್ಣವು ದೊಡ್ಡವು ಸೇರಿ ಸುಮಾರು 200 ಪುಸ್ತಕ ಬರೆದರು. 1939ರ ಜೂನ್ 23ರಂದು ಮುಂಬೈಯಲ್ಲಿ ತೀರಿಕೊಂಡರು. ವಯಸ್ಸು 53 ಅಷ್ಟೇ. ಅದೇ ವರ್ಷದ ಕೊನೆಗೆ ಮಾಂಟೆಸ್ಸೊರಿ ತಾಯಿ ನಮ್ಮ ದೇಶಕ್ಕೆ, ಮದ್ರಾಸಿಗೆ ಬಂದರು. ಅವರ ದಾರಿಯನ್ನು ನಮ್ಮ ನೆಲಕ್ಕೆ ಹೊಂದಿಸಿದ ಈ ಮಾಸ್ತರರು ಅಷ್ಟೊತ್ತಿಗೆ ಇರಲಿಲ್ಲ. ಓದುವಾಗ ನನಗೆ ಬಹಳ ಕೆಟ್ಟೆನಿಸಿತು.

ಅವರು ಕಂಡ ಹಗಲುಗನಸು ಪೂರ್ತಿ ಸುಳ್ಳಾಗಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ನಲಿ ಕಲಿ ಶುರುವಾಯಿತು. ಸಣ್ಣ ಮಕ್ಕಳ ಕೈಗೆ ಎಟಕುವಂತೆ ಗೋಡೆಯ ಕೆಳಗೆ ಕರಿ ಬಣ್ಣ ಬಳಿದು ಬರೆಯಲು, ಬಿಡಿಸಲು ಜಾಗ ಮಾಡಿದ್ದು ಅದರಲ್ಲೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳನ್ನು ಬಡಿಯಬಾರದು, ಮನಸ್ಸು ನೋಯಿಸಬಾರದು ಅಂತ ಹೇಳಿತು. ಗಿಜುಭಾಯಿ ತೀರಿ 70 ವರ್ಷ ಆದ ಮೇಲೆ!

ಆದರೆ ಕಾಯ್ದೆ ಛಡಿ ಕಸಿದುಕೊಳ್ಳಬಹುದು, ಅಂಜಿಕೆ ಕಸಿದುಕೊಳ್ಳಲು ಆಗುವುದಿಲ್ಲ. ನಮ್ಮ ಕಡೆ ಹತ್ತಿ ಬಿಡಿಸುವ ಕಾಲಕ್ಕೆ ಸಾಲಿ ಬಿಡುವ ಹುಡುಗ ಹುಡುಗಿಯರು ಇದ್ದಾರೆ. ಬಡತನ ಒಂದು ಕಾರಣ, ನಿಜ. ಅದರ ಜೊತೆಗೆ ಸಾಲಿ ಅಂದರೆ ಅಂಜಿಕೆಯೂ ಇದ್ದರೆ, ಹೊಲಕ್ಕೆ ಹೋದ ಮಗು ತಿರುಗಿ ಬರುವುದಿಲ್ಲ. ಹೊಲದಲ್ಲಿ ಯಾರೂ ಮಗ್ಗಿ ಕೇಳುವುದಿಲ್ಲವಲ್ಲ!

ಗುರುಗಳೇ, ಎಂಟನೆಯ ತರಗತಿಯ ನಮ್ಮದು ಒಂದು ವಿನಂತಿ. ಈ ಗೋಡೆ ಪತ್ರಿಕೆಯ ಕೆಳಗಿನ ಒಂದು ಹಾಳೆ ಒಂದನೆಯ, ಎರಡನೆಯ ತರಗತಿಯ ಚಿಕ್ಕವರಿಗೆ ಬಿಟ್ಟುಕೊಡೋಣ. ಬೇಕಾದ್ದು ಬಿಡಿಸಲಿ. ಯಾರೂ ಮಾರ್ಕು ಹಾಕೋದು ಬೇಡ, ತಿದ್ದೋದೂ ಬೇಡ. ಬಣ್ಣದ ಪೆನ್ಸಿಲ್ ನಾವೇ ಕೂಡಿಸಿ ಕೊಡ್ತೀವಿ. ಗೆಳೆಯರೇ, ಮನೆಯಲ್ಲಿ ಅರ್ಧ ಉಳಿದ ಪೆನ್ಸಿಲ್ ಇದ್ದರೆ ಸೋಮವಾರ ತನ್ನಿ.