ಮೈಕೇಲ್ ಲ್ಯಾವೆಲ್

ಬೆಂಗಳೂರಿನ ಲ್ಯಾವೆಲ್ ರಸ್ತೆಯನ್ನು ವಾಚಕರು ಬಲ್ಲರು. ಆ ಲ್ಯಾವೆಲನು ಐರ್ಲೆಂಡಿನವನು. ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿ ಸೈನಿಕನಾಗಿದ್ದು, ನಿವೃತ್ತನಾದ ಮೇಲೆ ಬೆಂಗಳೂರಿನ ದಂಡಿನಲ್ಲಿ ನೆಲೆಸಿದನು. ಚಿನ್ನದ ಹುಚ್ಚು ಹತ್ತಿದುದು ನ್ಯೂಜಿಲೆಂಡಿನಲ್ಲಿಯೇ.

1871ರಲ್ಲಿ ಆತನು 1804ರ ಒಂದು ವರದಿಯನ್ನು ಓದಿದನು. ಅದನ್ನು ಬರೆದವನು, 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಹೋಗಿದ್ದ ಲೆಫ್ಟಿನೆಂಟ್ ಜಾನ್ ವಾರೆನ್. ಬಹುಮಾನ ಸಾರಿದಾಗ ಉರಿಗಾಂ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತಂದು, ಅವನೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದ್ದರು. ಮಾರಿಕುಪ್ಪದ ಗುಂಡಿಗಳಿಂದ ಗಂಡಸರು ಬುಟ್ಟಿಗಳಲ್ಲಿ ಕಲ್ಲನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಹೆಂಗಸರು ಅದನ್ನು ಕುಟ್ಟಿ ತೊಳೆಯುತ್ತಿದ್ದರು. ಚಿನ್ನವನ್ನು ಕಂಡುಹಿಡಿದ ಕೀರ್ತಿಯನ್ನು ದೊರೆಗಳಿಗೆ ಕೊಡುವ ಮುನ್ನ ಈ ಕೂಲಿಗಳನ್ನು ನೆನೆಯುವುದು ನ್ಯಾಯ.

ಲ್ಯಾವೆಲನು ಎತ್ತಿನ ಗಾಡಿಯಲ್ಲಿ ಸುಮಾರು 60 ಮೈಲಿ ಪ್ರಯಾಣ ಮಾಡಿ ಆ ನೆಲವನ್ನು ಕಂಡನು. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದನು. ಎರಡು ವರ್ಷ ಕಾದ ಮೇಲೆ, 1875ರಲ್ಲಿ 20 ವರ್ಷಗಳ ಪರವಾನಗಿ ದೊರೆಯಿತು. ಉರಿಗಾಂ ಬಳಿ ಬಾವಿ ತೋಡಿಸಿದನು. ಆದರೆ ಬಂಡೆ ಒಡೆಯಲು ಛಲವೊಂದೇ ಸಾಲದು, ಹಣ ಬೇಕು. ಅದಿಲ್ಲದೆ 1877ರಲ್ಲಿ ಹಕ್ಕನ್ನು ಬೆರೆಸ್‌ಫರ್ಡ್ ಮೊದಲಾದವರಿಗೆ ಬಿಟ್ಟುಕೊಟ್ಟನು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆಯೇ ಸಮೃದ್ಧವಾದ ಚಿನ್ನದ ಪದರ ಸಿಕ್ಕಿತು.

ಈ ಕಥೆಗೂ ಹೆಮ್ಮರಗಾಲದ ಸೀಮೆಯ ನಮಗೂ ನಂಟುಂಟು. ನಂಜನಗೂಡಿನ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ ಶಿವನಸಮುದ್ರದಲ್ಲಿ ಧುಮುಕುತ್ತಾಳೆ. 1902ರಲ್ಲಿ ಆ ನೀರಿನ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಗಣಿಗಳಿಗೆ. ನಮ್ಮ ಹಳ್ಳಿಗಳು ಬಹುಕಾಲ ಎಣ್ಣೆಯ ದೀಪದಲ್ಲಿಯೇ ಇದ್ದವು. 2001ರಲ್ಲಿ ಗಣಿಗಳು ಮುಚ್ಚುವ ವೇಳೆಗೆ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು.