ಹಳೆಯ ಸ್ಪೋರ್ಟ್ಸ್ ಕಾರಿನ ತೂಕ ಇಳಿಸಿದರೆ ವೇಗ ಹೆಚ್ಚುತ್ತದೆಯೇ? ಕಾಲಿನ್ ಚಾಪ್‌ಮನ್ ಬದುಕು ಹೇಳುವುದೇನು?

ಹಬ್ಬದ ಹಿಂದಿನ ದಿನ ಗಾಂಧಿ ಬಜಾರ್‌ನಲ್ಲಿ ಹತ್ತು ನಿಮಿಷ ನಿಂತರೆ ಭೌತಶಾಸ್ತ್ರದ ಒಂದು ಪಾಠ ಪುಕ್ಕಟೆಯಾಗಿ ಸಿಗುತ್ತದೆ. ಸೇವಂತಿಗೆ ಹೂವಿನ ಚೀಲ ಇಟ್ಟುಕೊಂಡ ಸ್ಕೂಟರ್ ಜನರ ನಡುವೆ ಸಲೀಸಾಗಿ ನುಗ್ಗಿ ಹೋಗುತ್ತದೆ. ಅದೇ ಸ್ಕೂಟರ್‌ಗೆ ಎರಡು ಬಾಳೆಗೊನೆ, ಒಂದು ಮೂಟೆ ತೆಂಗಿನಕಾಯಿ ಹೇರಿದರೆ ಹೊರಡುವುದು ನಿಧಾನ, ತಿರುಗಿಸುವುದು ಕಷ್ಟ, ನಿಲ್ಲಿಸುವುದೂ ಕಷ್ಟ. ಇಂಜಿನ್ ಅದೇ. ಬದಲಾಗಿದ್ದು ತೂಕ ಮಾತ್ರ.

ಕಾರಿನ ವಿಷಯ ಬಂದಾಗ ಮಾತ್ರ ನಾವು ಇದನ್ನು ಮರೆಯುತ್ತೇವೆ. ಹಳೆಯ ಸ್ಪೋರ್ಟ್ಸ್ ಕಾರು ಚುರುಕಾಗಬೇಕಾದರೆ ದೊಡ್ಡ ಇಂಜಿನ್ನೇ ಬೇಕು ಎಂಬುದು ಒಂದು ನಂಬಿಕೆ. ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಎಸೆದರೆ ಸಾಕು ಎಂಬುದು ಇನ್ನೊಂದು. ಎರಡೂ ಅರ್ಧ ಸತ್ಯ. ಇದು ಯಾಕೆ ಎಂದು ತಿಳಿಯಲು ಲೋಟಸ್ ಕಾರುಗಳನ್ನು ಕಟ್ಟಿದ ಕಾಲಿನ್ ಚಾಪ್‌ಮನ್ ಅವರ ಬದುಕನ್ನು ನೋಡೋಣ.

ಹಳೆಯ ಕಾರಿನಿಂದಲೇ ಆರಂಭ

ಚಾಪ್‌ಮನ್ ಹುಟ್ಟಿದ್ದು 1928ರಲ್ಲಿ, ಇಂಗ್ಲೆಂಡಿನಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ಓದಿದ್ದು ಕಟ್ಟಡ, ಸೇತುವೆಗಳ ರಚನೆಯ ಇಂಜಿನಿಯರಿಂಗ್. ಜೊತೆಗೆ ವಿಮಾನ ಹಾರಿಸಲೂ ಕಲಿತರು. ಮುಂದೆ ಅಲ್ಯೂಮಿನಿಯಂ ಕಂಪನಿಯೊಂದರಲ್ಲಿ ಕೆಲಸ ಮಾಡಿದರು. ಕಡಿಮೆ ವಸ್ತುವಿನಿಂದ ಹೆಚ್ಚು ಭಾರ ಹೊರುವುದು ಹೇಗೆ ಎಂಬ ಪ್ರಶ್ನೆ ಈ ಮೂರು ಕಡೆಯೂ ಇತ್ತು.

1948ರಲ್ಲಿ ಅವರು ಒಂದು ಹಳೆಯ ಆಸ್ಟಿನ್ ಸೆವೆನ್ ಕಾರಿನ ಮೈ ಕಳಚಿ, ಅಲ್ಯೂಮಿನಿಯಂ ಹಾಳೆ ಅಂಟಿಸಿದ ಪ್ಲೈವುಡ್‌ನಿಂದ ಹೊಸ ಮೈ ಕಟ್ಟಿದರು. ಕೆಲಸ ನಡೆದದ್ದು ಗೆಳತಿ ಹೇಜಲ್ ವಿಲಿಯಮ್ಸ್ ಅವರ ಮನೆಯ ಹಿಂದಿನ ಗ್ಯಾರೇಜಿನಲ್ಲಿ. 1952ರಲ್ಲಿ ಹೇಜಲ್ ಕೊಟ್ಟ 25 ಪೌಂಡ್ ಸಾಲದಿಂದ ಕಂಪನಿ ಶುರುವಾಯಿತು. ಎರಡು ವರ್ಷಗಳ ನಂತರ ಇಬ್ಬರೂ ಮದುವೆಯಾದರು.

1957ರ ಲೋಟಸ್ ಎಲೀಟ್‌ಗೆ ಪ್ರತ್ಯೇಕ ಚಾಸಿಯೇ ಇರಲಿಲ್ಲ. ಫೈಬರ್‌ಗ್ಲಾಸ್ ಮೈಯೇ ಭಾರವನ್ನೂ ಹೊರುತ್ತಿತ್ತು. 1962ರ ಎಲಾನ್‌ನಲ್ಲಿ ನಡುವೆ ಬೆನ್ನುಮೂಳೆಯಂಥ ಉಕ್ಕಿನ ಚಾಸಿ, ಮೇಲೆ ಫೈಬರ್‌ಗ್ಲಾಸ್ ಮೈ. ಅದೇ ವರ್ಷ ಬಂದ ಫಾರ್ಮುಲಾ ಒನ್ ಕಾರು ಲೋಟಸ್ 25, ಪೈಪುಗಳನ್ನು ಬೆಸೆದ ಚೌಕಟ್ಟನ್ನು ಕೈಬಿಟ್ಟು ವಿಮಾನದಂತೆ ತೆಳು ಲೋಹದ ತೊಟ್ಟಿಯ ಮೇಲೆ ನಿಂತಿತು. ಹಿಂದಿನ ಕಾರಿಗಿಂತ ಅದು ಹಗುರವೂ ಹೌದು, ಗಟ್ಟಿಯೂ ಹೌದು. ಜಿಮ್ ಕ್ಲಾರ್ಕ್ 1963ರಲ್ಲಿ ಅದರಲ್ಲೇ ವಿಶ್ವ ಚಾಂಪಿಯನ್ ಆದರು. 1967ರ ಲೋಟಸ್ 49ರಲ್ಲಿ ಇಂಜಿನ್ನೇ ಕಾರಿನ ಹಿಂಭಾಗದ ಚೌಕಟ್ಟಿನ ಕೆಲಸವನ್ನೂ ಮಾಡುತ್ತಿತ್ತು. ಅಂದರೆ ಚಾಪ್‌ಮನ್ ಬರೀ ಭಾಗಗಳನ್ನು ಕಿತ್ತು ಹಾಕಲಿಲ್ಲ. ಒಂದೇ ಭಾಗದಿಂದ ಎರಡು ಕೆಲಸ ಮಾಡಿಸಿದರು.

ಲೆಕ್ಕ ಏನು?

ಎಲಾನ್ ತೂಕ 700 ಕೆ.ಜಿ. ಒಳಗೆ, ಶಕ್ತಿ ಸುಮಾರು 105 ಅಶ್ವಶಕ್ತಿ. 1,000 ಕೆ.ಜಿ. ಕಾರು ಅದರಷ್ಟೇ ಚುರುಕಾಗಬೇಕಾದರೆ 150 ಅಶ್ವಶಕ್ತಿಯ ಇಂಜಿನ್ ಬೇಕು. ದೊಡ್ಡ ಇಂಜಿನ್ ನೇರ ರಸ್ತೆಯಲ್ಲಿ ಮಾತ್ರ ನೆರವಾಗುತ್ತದೆ. ತೂಕ ಇಳಿದರೆ ತಿರುವಿನಲ್ಲೂ ಲಾಭ, ಬ್ರೇಕ್ ಹಾಕುವಾಗಲೂ ಲಾಭ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ 1,000 ಕೆ.ಜಿ. ಕಾರನ್ನು ನಿಲ್ಲಿಸಲು ಬ್ರೇಕುಗಳು ಸುಮಾರು 386 ಕಿಲೋಜೂಲ್ ಶಕ್ತಿಯನ್ನು ಬಿಸಿಯಾಗಿಸಿ ಕಳೆಯಬೇಕು. 700 ಕೆ.ಜಿ. ಕಾರಿಗೆ ಸುಮಾರು 270 ಸಾಕು.

ಹಗುರತನಕ್ಕೆ ತೆತ್ತ ಬೆಲೆ

ಚಾಪ್‌ಮನ್ ಕಥೆಯ ಇನ್ನೊಂದು ಮುಖವನ್ನು ಬಿಟ್ಟರೆ ನಾವು ಓದುಗರಿಗೆ ಮೋಸ ಮಾಡಿದಂತೆ. 1960ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಅಭ್ಯಾಸದ ವೇಳೆ ಸ್ಟರ್ಲಿಂಗ್ ಮಾಸ್ ಅವರ ಲೋಟಸ್‌ನ ಚಕ್ರ ಕಳಚಿತು. ಮೈಕ್ ಟೇಲರ್ ಅವರ ಲೋಟಸ್‌ನ ಸ್ಟೀರಿಂಗ್ ಮುರಿಯಿತು. ಇಬ್ಬರಿಗೂ ತೀವ್ರ ಗಾಯ. 1969ರಲ್ಲಿ ಬಾರ್ಸಿಲೋನಾದಲ್ಲಿ ರೆಕ್ಕೆ ಮುರಿದು ಅಪಘಾತವಾದ ಮೇಲೆ, ಚಾಲಕ ಯೋಹೆನ್ ರಿಂಟ್ ದುರ್ಬಲ ಭಾಗಗಳನ್ನು ಗಟ್ಟಿ ಮಾಡಿ ಎಂದು ಚಾಪ್‌ಮನ್‌ಗೆ ಪತ್ರ ಬರೆದರು. ಮರುವರ್ಷ ಸೆಪ್ಟೆಂಬರ್ 5ರಂದು ಮೊಂಜಾದಲ್ಲಿ ರಿಂಟ್ ತೀರಿಕೊಂಡರು. ಕಾರಿನ ಮುಂದಿನ ಬ್ರೇಕ್ ಷಾಫ್ಟ್ ಮುರಿದಿತ್ತು. ರಸ್ತೆ ಪಕ್ಕದ ತಡೆಗೋಡೆಯನ್ನು ಸರಿಯಾಗಿ ಅಳವಡಿಸಿರಲಿಲ್ಲ ಎಂಬುದೂ ತನಿಖೆಯಲ್ಲಿ ಹೊರಬಿತ್ತು. ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಅವರಿಗೆ ಮರಣಾನಂತರ ಸಂದಿತು.

ಚಾಪ್‌ಮನ್ ಕಾಲದಲ್ಲಿ ಲೋಟಸ್ 7 ಬಾರಿ ತಯಾರಕರ ವಿಶ್ವ ಪ್ರಶಸ್ತಿ ಗೆದ್ದಿತು. 1982ರ ಡಿಸೆಂಬರ್ 16ರಂದು, 54ನೇ ವಯಸ್ಸಿನಲ್ಲಿ ಅವರು ಹೃದಯಾಘಾತದಿಂದ ನಿಧನರಾದರು.

ಬೆಂಗಳೂರಿಗೂ ಬಂದಿತ್ತು ಫೈಬರ್ ಕಾರು

ಅದೇ 1982ರ ಹೊತ್ತಿಗೆ ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ 'ಡಾಲ್ಫಿನ್' ಎಂಬ ಪುಟ್ಟ ಕಾರು ತಂದಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರಿನ ಮಾದರಿ, ಫೈಬರ್‌ಗ್ಲಾಸ್ ಮೈ, 848 ಸಿ.ಸಿ. ಇಂಜಿನ್. ಸ್ಪೋರ್ಟ್ಸ್ ಕಾರು ಅಲ್ಲದಿದ್ದರೂ ಹಗುರವಾಗಿದ್ದ ಕಾರಣಕ್ಕೆ ರ‍್ಯಾಲಿಗಳಲ್ಲಿ ಹೆಸರು ಮಾಡಿತು. ಮಾರುಕಟ್ಟೆಯಲ್ಲಿ ಮಾತ್ರ ಬಹಳ ದಿನ ಉಳಿಯಲಿಲ್ಲ.

ಹಾಗಾದರೆ ಏನು ಮಾಡಬಹುದು?

ನಿಮ್ಮ ಬಳಿ ಹಳೆಯ ಸ್ಪೋರ್ಟ್ಸ್ ಕಾರು ಇದ್ದರೆ ಮೊದಲು ಡಿಕ್ಕಿಯಲ್ಲಿ ತುಂಬಿಟ್ಟ ಸಾಮಾನು, ಆಮೇಲೆ ಸೇರಿಸಿದ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಇಳಿಸಿ. ಇದಕ್ಕೆ ಖರ್ಚೇ ಇಲ್ಲ. ನಂತರದ್ದು ಚಕ್ರಗಳು. ಇವು ಸ್ಪ್ರಿಂಗ್‌ಗಳ ಕೆಳಗೆ ಇರುವ ತೂಕ. ಇವನ್ನು ಮುಂದಕ್ಕೆ ತಳ್ಳುವುದಷ್ಟೇ ಅಲ್ಲ, ತಿರುಗಿಸಲೂ ಬೇಕು. ಹಾಗಾಗಿ ಇಲ್ಲಿ ಇಳಿಸಿದ ಒಂದು ಕೆ.ಜಿ. ಬೇರೆಡೆ ಇಳಿಸಿದ್ದಕ್ಕಿಂತ ಹೆಚ್ಚು ಲಾಭ ಕೊಡುತ್ತದೆ. ಆದರೆ ಅಗ್ಗದ, ಕಳಪೆ ಚಕ್ರ ಗುಂಡಿ ಬಿದ್ದ ರಸ್ತೆಯಲ್ಲಿ ಬಿರುಕು ಬಿಡಬಹುದು.

ಚಾಸಿ, ಬಾಗಿಲೊಳಗಿನ ಉಕ್ಕಿನ ಪಟ್ಟಿ, ಸೀಟ್ ಬೆಲ್ಟಿನ ಆಧಾರ, ಬ್ರೇಕ್ ಮತ್ತು ಸ್ಟೀರಿಂಗ್ ಭಾಗಗಳನ್ನು ಕೊರೆಯಬೇಡಿ, ತೆಗೆಯಬೇಡಿ. ಹಳೆಯ ಲೋಹ ಮೊದಲೇ ದಣಿದಿರುತ್ತದೆ, ತುಕ್ಕು ಒಳಗೊಳಗೇ ತಿಂದಿರುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳು ಬದಲಾಗುವಂಥ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧ ಹಾಕುತ್ತದೆ ಎಂಬುದೂ ನೆನಪಿರಲಿ.

ತೂಕ ಇಳಿಸಿದರೆ ಕಾರು ಚುರುಕಾಗುತ್ತದೆ, ಇದು ನಿಜ. ಆದರೆ ಒಂದು ಭಾಗವನ್ನು ತೆಗೆಯುವ ಮೊದಲು ಅದು ಯಾವ ಭಾರ ಹೊರುತ್ತಿತ್ತು, ಇನ್ನು ಮುಂದೆ ಆ ಭಾರ ಯಾವುದರ ಮೇಲೆ ಬೀಳುತ್ತದೆ ಎಂದು ಕೇಳಿಕೊಳ್ಳಿ. ಉತ್ತರ ಗೊತ್ತಿಲ್ಲದಿದ್ದರೆ ಅದನ್ನು ಮುಟ್ಟದಿರುವುದೇ ಒಳ್ಳೆಯದು.