ಕೆನೆತ್ ಆಂಡರ್ಸನ್: ಕೋವಿ ಕೆಳಗಿಟ್ಟ ಬೇಟೆಗಾರ

ಈ ಸಲದ ಸಂಚಿಕೆಗೆ ಯಾರಾದರೊಬ್ಬ ಹಿರಿಯರ ಜೀವನಚಿತ್ರ ಬರೆದುಕೊಡಬೇಕೆಂದು ನಮ್ಮ ಕನ್ನಡ ಸಂಘದ ಕಾರ್ಯದರ್ಶಿಯವರು ಕೇಳಿದಾಗ ನಾನು ಕೊಟ್ಟ ಹೆಸರು ಕೇಳಿ ಗೆಳೆಯರು ನಕ್ಕರು. ಒಬ್ಬರು ವಿಶ್ವೇಶ್ವರಯ್ಯನವರನ್ನು, ಇನ್ನೊಬ್ಬರು ಅಕ್ಕಮಹಾದೇವಿಯನ್ನು ಆರಿಸಿಕೊಂಡಿದ್ದರು. ನಾನೋ ಹುಲಿ ಹೊಡೆಯುವ ಒಬ್ಬ ದೊರೆಯ ಹೆಸರು ಹೇಳಿದ್ದೆ. ವಾಣಿಜ್ಯ ಓದುವವನಿಗೆ ಸಾಹಿತ್ಯವೇ ದೂರ, ಇನ್ನು ಕಾಡು ಎಲ್ಲಿಂದ ಬಂತು ಅಂತ ಚೇಷ್ಟೆಯನ್ನೂ ಮಾಡಿದರು. ಇರಲಿ. ನಾನು ಈ ಹೆಸರು ಹಿಡಿದುಕೊಂಡದ್ದಕ್ಕೆ ಎರಡು ಕಾರಣಗಳಿವೆ. ಒಂದನ್ನು ಈಗಲೇ ಹೇಳುತ್ತೇನೆ, ಇನ್ನೊಂದು ಕೊನೆಗೆ.

ಮೊದಲನೆಯದು ಇದು. ನಾವು ದಿನವೂ ಬಸ್ಸಿನ ಬೋರ್ಡಿನ ಮೇಲೆ ಓದುವ ಬೊಲಾರಂ ಎಂಬ ಊರಿದೆಯಲ್ಲ, ಸಿಕಂದರಾಬಾದಿನ ಉತ್ತರಕ್ಕೆ, ರಾಷ್ಟ್ರಪತಿ ನಿಲಯ ಇರುವ ಕಡೆ, ಆಂಡರ್ಸನ್ ಹುಟ್ಟಿದ್ದು ಅಲ್ಲಿ. 1910ರ ಮಾರ್ಚ್ 8ರಂದು. ಆಗ ಅದು ನಿಜಾಮರ ಸೀಮೆಯೊಳಗಿನ ದಂಡಿನ ಊರು. ಇದು ಗೊತ್ತಾದ ಭಾನುವಾರ ನಾನು ಬೊಲಾರಂಗೆ ಹೋಗಿ ಸುಮ್ಮನೆ ಬೀದಿ ಸುತ್ತಿ ಬಂದೆ. ಅವರ ಹೆಸರಿನ ಕಲ್ಲಾಗಲಿ ಫಲಕವಾಗಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಹಳೆಯ ಮರಗಳು ಮಾತ್ರ ಇದ್ದವು.

ಅವರದು ಸ್ಕಾಟ್ಲೆಂಡ್ ಮೂಲದ ಮನೆತನ. ಆದರೆ ಆರು ತಲೆಮಾರಿನಿಂದ ಹಿಂದೂಸ್ಥಾನದಲ್ಲೇ ನೆಲೆಸಿದವರು. ತಂದೆ ಡಗ್ಲಸ್ ಆಂಡರ್ಸನ್ ಪುಣೆಯಲ್ಲಿ ದಂಡಿನವರ ಸಂಬಳ ಬಟವಾಡೆಯ ಲೆಕ್ಕ ನೋಡುವ ಕಚೇರಿಯ ಅಧಿಕಾರಿ, ಗೌರವ ಕ್ಯಾಪ್ಟನ್ ಪದವಿಯೂ ಇತ್ತು. ಲೆಕ್ಕದ ಮನೆಯಿಂದಲೇ ಕಾಡಿನ ಮನುಷ್ಯ ಬಂದ ಅಂತ ಓದಿ, ವಾಣಿಜ್ಯದವನಾದ ನನಗೆ ಒಳಗೊಳಗೇ ಖುಷಿಯಾಯಿತು.

ಹುಡುಗ ಬೆಳೆದದ್ದು ಬೆಂಗಳೂರಿನಲ್ಲಿ. ಓದು ಬಿಷಪ್ ಕಾಟನ್ ಶಾಲೆ, ಆಮೇಲೆ ಸೇಂಟ್ ಜೋಸೆಫ್ ಕಾಲೇಜು. ಮಗ ವಕೀಲನಾಗಲಿ ಎಂದು ಎಡಿನ್‌ಬರೋಗೆ ಕಳಿಸಿದರು. ಅಲ್ಲಿ ಮನಸ್ಸು ನಿಲ್ಲಲಿಲ್ಲ, ಓದು ಅರ್ಧಕ್ಕೆ ಬಿಟ್ಟು ತಿರುಗಿ ಬಂದರು. ಮುಂದೆ ಸುಮಾರು ಹದಿನೈದು ವರ್ಷ ಅಂಚೆ ತಂತಿ ಇಲಾಖೆಯಲ್ಲಿ ಕೆಲಸ, ಅದಾದ ಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಯೋಜನೆ ವಿಭಾಗದ ಮ್ಯಾನೇಜರು. ಅಂದರೆ ನಾವು ತಿಳಿದಂತೆ ಅವರು ಸದಾ ಕಾಡಲ್ಲಿ ಇರುತ್ತಿದ್ದ ಮನುಷ್ಯ ಅಲ್ಲ. ವಾರವೆಲ್ಲ ಕಚೇರಿ, ರಜೆ ಸಿಕ್ಕಿತೆಂದರೆ ಕೋವಿ ಹೆಗಲಿಗೆ ಹಾಕಿಕೊಂಡು ಹೊಸೂರು, ಡೆಂಕಣಿಕೋಟೆ, ಅಂಚೆಟ್ಟಿ, ಪೆನ್ನಾಗರಂ ಕಡೆಗೆ. ಕನ್ನಡ, ತಮಿಳು ಎರಡೂ ಅವರಿಗೆ ಬರುತ್ತಿದ್ದವು. ಆ ಸೀಮೆಯೇ ಹಾಗೆ. ಒಂದು ಹಳ್ಳಿಯಲ್ಲಿ ಕನ್ನಡ, ಮುಂದಿನದರಲ್ಲಿ ತಮಿಳು, ಅದರಾಚೆ ತೆಲುಗು. ಹೈದರಾಬಾದಿನಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರ್ಕಾರಿ ದಾಖಲೆಯ ಪ್ರಕಾರ 1939ರಿಂದ 1966ರವರೆಗೆ ಅವರು ಕೊಂದ ನರಭಕ್ಷಕಗಳು 15. ಅದರಲ್ಲಿ ಚಿರತೆ 8, ಹುಲಿ 7. ಇದರ ಹೊರತಾಗಿ ಪುಂಡಾನೆಗಳೂ ಇದ್ದವು. ಅಂಕಿ ನೋಡಿದರೆ ಸಣ್ಣದು. ಆದರೆ ಒಂದೊಂದರ ಹಿಂದೆ ಎಷ್ಟು ಮನೆ ಹಾಳಾಗಿದ್ದವು ನೋಡಿ. ಗುಮ್ಮಳಾಪುರದ ಚಿರತೆಯೊಂದೇ 42 ಜನರನ್ನು ತಿಂದಿತ್ತು. ಹೊತ್ತು ಮುಳುಗುವ ಮುಂಚೆಯೇ ಹಳ್ಳಿಗಳು ಬಾಗಿಲು ಹಾಕಿಕೊಳ್ಳುತ್ತಿದ್ದವು.

ನನ್ನ ಮನಸ್ಸಿಗೆ ನಾಟಿದ್ದು ಹುಲಿಯ ಕಥೆಗಿಂತ ಅರಸೀಕೆರೆ ಕಡೆಯ ಕರಡಿಯ ಕಥೆ. ಆ ಕರಡಿ 12 ಜನರನ್ನಾದರೂ ಕೊಂದಿತ್ತು, ಅದರ ಎರಡು ಪಟ್ಟು ಜನರ ಮೈ ಹರಿದಿತ್ತು. ಅದರ ಉಗುರು ಮೊದಲು ಬೀಳುವುದೇ ಮುಖದ ಮೇಲೆ. ಬದುಕಿದವರೂ ಕನ್ನಡಿ ನೋಡುವ ಹಾಗಿರಲಿಲ್ಲ. ಅಲ್ಲೊಂದು ದರ್ಗಾ ನೋಡಿಕೊಳ್ಳುತ್ತಿದ್ದ ಆಲಂ ಬಕ್ಷ್ ಎಂಬ ಮುದುಕನ ಮಗನೂ ಅದಕ್ಕೆ ಬಲಿಯಾದ. ಆ ಮುದುಕ ಆಂಡರ್ಸನ್ನರಿಗೆ ಬೇಕಾದವನು. ಸುದ್ದಿ ಬಂದ ಮೇಲೆ ಇವರು ಹೋದರು. ಕರಡಿ ಸುಲಭಕ್ಕೆ ಸಿಗಲಿಲ್ಲ, ಮತ್ತೆ ಮತ್ತೆ ಹೋಗಬೇಕಾಯಿತು, ಕೊನೆಗೆ ಮುಗಿಸಿದರು. ದುಡ್ಡಿಗಲ್ಲ, ಗೋಡೆಗೆ ತೂಗುಹಾಕುವ ಚರ್ಮಕ್ಕೂ ಅಲ್ಲ. ಮಗನನ್ನು ಕಳಕೊಂಡ ಒಬ್ಬ ಸ್ನೇಹಿತ ಕರೆದ, ಹೋದರು. ಅಷ್ಟೇ.

ಇಲ್ಲಿ ಅವರ ಜೊತೆಗಾರರ ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಕಾಡಿನ ಪೂಜಾರಿ ಜನಾಂಗದ ಬೈರ, ಪೆನ್ನಾಗರಂ ಕಡೆಯ ರಂಗ, ಇಬ್ಬರೂ ಕದ್ದು ಬೇಟೆಯಾಡುತ್ತಿದ್ದವರು. ಕಾಯಿದೆಯ ಕಣ್ಣಿಗೆ ಅಪರಾಧಿಗಳು. ಆದರೆ ಹೆಜ್ಜೆ ಗುರುತು ನೋಡಿ ಪ್ರಾಣಿಯ ವಯಸ್ಸು, ನಡಿಗೆ, ಕುಂಟು ಹೇಳುವ ವಿದ್ಯೆ ಇದ್ದದ್ದು ಇಂಥವರ ಹತ್ತಿರ. ಆಂಡರ್ಸನ್ ಅವರನ್ನು ಆಳು ಎಂದು ಬರೆಯಲಿಲ್ಲ, ಸ್ನೇಹಿತರು ಎಂದೇ ಬರೆದರು. ಬಿಳಿಯ ಚರ್ಮದವನೊಬ್ಬ ಆ ಕಾಲದಲ್ಲಿ ಹೀಗೆ ಬರೆದದ್ದು ಸಣ್ಣ ಮಾತಲ್ಲ ಅಂತ ನನಗನ್ನಿಸುತ್ತದೆ.

ಬರವಣಿಗೆ ಶುರುವಾದದ್ದು ತಡವಾಗಿ. ಒಂಬತ್ತು ನರಭಕ್ಷಕಗಳ ಮತ್ತು ಒಂದು ಪುಂಡಾನೆಯ ಕಥೆಗಳಿರುವ ಮೊದಲ ಪುಸ್ತಕ ಲಂಡನ್ನಿನಲ್ಲಿ ಅಚ್ಚಾದದ್ದು 1954ರಲ್ಲಿ, ಅವರಿಗೆ 44 ತುಂಬಿತ್ತು. ಆಮೇಲೆ ನಿಲ್ಲಲಿಲ್ಲ. 1957, 1959, 1961, 1964, 1967, 1970, ಹೀಗೆ ಎರಡು ಮೂರು ವರ್ಷಕ್ಕೊಂದು. ಕೊನೆಯದು ಅವರು ಹೋದ ಮೇಲೆ 1976ರಲ್ಲಿ ಹೊರಬಂತು. ಕನ್ನಡಕ್ಕೆ ಇವು ಬಂದದ್ದು ಪೂರ್ಣಚಂದ್ರ ತೇಜಸ್ವಿಯವರಿಂದ. ಶಾಲೆಯಲ್ಲಿ ನನ್ನ ಕೈಗೆ ಮೊದಲು ಸಿಕ್ಕಿದ್ದು 'ಪೆದ್ದಚೆರುವಿನ ರಾಕ್ಷಸ'. ಆ ಹೆಸರಿನ ಅರ್ಥ ದೊಡ್ಡ ಕೆರೆ ಅಂತ ನನಗೆ ತಿಳಿದದ್ದು ಈ ಊರಿಗೆ ಬಂದು ತೆಲುಗು ಕಿವಿಗೆ ಬಿದ್ದ ಮೇಲೆ!

ಬೇಟೆಗಾರರ ಮಾತು ಬಂದರೆ ಎಲ್ಲರೂ ಜಿಮ್ ಕಾರ್ಬೆಟ್ ಹೆಸರು ತೆಗೆಯುತ್ತಾರೆ. ಸರಿಯೇ. ಕಾರ್ಬೆಟ್ ಸೈನ್ಯದಲ್ಲಿದ್ದವರು. ಮೊದಲ ಮಹಾಯುದ್ಧದಲ್ಲಿ 500 ಜನ ಕುಮಾವೂನಿಗಳನ್ನು ಕಟ್ಟಿಕೊಂಡು ಫ್ರಾನ್ಸಿಗೆ ಹೋದವರು, ಎರಡನೆಯದರಲ್ಲಿ ಸಿಪಾಯಿಗಳಿಗೆ ಕಾಡಿನ ಯುದ್ಧ ಕಲಿಸಿದವರು. ಆದರೆ ಅವರು 1947ರಲ್ಲಿ ದೇಶ ಬಿಟ್ಟು ಕೀನ್ಯಾಕ್ಕೆ ಹೋದರು, 1955ರಲ್ಲಿ ಅಲ್ಲೇ ತೀರಿಕೊಂಡರು. ಆಂಡರ್ಸನ್ ಎಲ್ಲಿಗೂ ಹೋಗಲಿಲ್ಲ. ಅವರ ಜನ ಹಡಗು ಹತ್ತುತ್ತಿದ್ದಾಗ ಇವರು ಬೆಂಗಳೂರಿನಲ್ಲೇ ಉಳಿದರು. ಊರು ಬಿಟ್ಟು ಬಂದು ಇನ್ನೊಂದು ಭಾಷೆಯ ನಡುವೆ ಓದುತ್ತಿರುವ ನನಗೆ ಈ ಉಳಿಯುವುದು ಅನ್ನುವ ಸಂಗತಿ ಬಹಳ ದೊಡ್ಡದಾಗಿ ಕಾಣುತ್ತದೆ.

ಈಗ ಕಷ್ಟದ ಪ್ರಶ್ನೆ. ಕೊಂದವನನ್ನು ಕಾಡು ಕಾಯ್ದವನು ಅನ್ನಬಹುದೆ? ನಮ್ಮ ಹಾಸ್ಟೆಲಿನಲ್ಲಿ ಈ ಬಗ್ಗೆ ಒಂದು ರಾತ್ರಿ ದೊಡ್ಡ ಜಗಳವೇ ಆಯಿತು. ನಾನು ತಿಳಿದುಕೊಂಡದ್ದು ಇಷ್ಟು. ಆಂಡರ್ಸನ್ ಪ್ರತಿ ಕಥೆಯಲ್ಲೂ ಹುಲಿಯನ್ನು ಬಯ್ಯುವ ಮೊದಲು ಅದು ಯಾಕೆ ಹೀಗಾಯಿತು ಅಂತ ಹುಡುಕುತ್ತಾರೆ. ಬಹಳ ಸಲ ಉತ್ತರ ಮನುಷ್ಯನ ಹತ್ತಿರವೇ ಸಿಗುತ್ತದೆ. ಯಾರೋ ಗುರಿ ತಪ್ಪಿ ಹೊಡೆದ ಗುಂಡು, ಅದರಿಂದ ಕಾಲು ಕುಂಟಾಗಿ ಜಿಂಕೆ ಹಿಡಿಯಲಾಗದ ಸ್ಥಿತಿ, ಆಮೇಲೆ ಸುಲಭದ ಬೇಟೆ ಅಂದರೆ ನಾವೇ. ಕೆಲವು ಸಲ ಪಂಜಕ್ಕೆ ನೆಟ್ಟ ಮುಳ್ಳುಹಂದಿಯ ಮುಳ್ಳೂ ಕಾರಣ. ಹೀಗೆ ಕಾರಣ ಹುಡುಕುತ್ತಾ ಹುಡುಕುತ್ತಾ ಅವರು ಮೆಲ್ಲಗೆ ಪ್ರಾಣಿಯ ಪಕ್ಷ ಸೇರಿದರು. ಕೊನೆಕೊನೆಗೆ ಕೋವಿ ಬಿಟ್ಟು ಕ್ಯಾಮರಾ ಹಿಡಿದರು. ಕಾಡು ಬರಿದಾಗುತ್ತಿರುವುದನ್ನು, ಕಳ್ಳಬೇಟೆ ಹೆಚ್ಚುತ್ತಿರುವುದನ್ನು ಬಿಡದೆ ಬರೆದರು. 1972ರಲ್ಲಿ ವನ್ಯಜೀವಿ ರಕ್ಷಣೆಯ ಕಾಯಿದೆ ಬಂತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಶುರುವಾಗಿ ನಮ್ಮ ಬಂಡೀಪುರವೂ ಅದರಲ್ಲಿ ಸೇರಿತು. ಇದನ್ನೆಲ್ಲ ನೋಡುವಷ್ಟು ಕಾಲ ಅವರು ಇದ್ದರು. ಕ್ಯಾನ್ಸರ್ ಆಗಿ 1974ರ ಆಗಸ್ಟ್ 30ರಂದು ತೀರಿಕೊಂಡರು, 64 ವರ್ಷ. ಬೆಂಗಳೂರಿನ ಹೊಸೂರು ರಸ್ತೆಯ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅವರು ತಿರುಗಾಡಿದ ಅಂಚೆಟ್ಟಿ, ಜವಳಗಿರಿ ಕಡೆಯ ಕಾಡಿಗೆ 2014ರಲ್ಲಿ ತಮಿಳುನಾಡು ಸರ್ಕಾರ ಕಾವೇರಿ ಉತ್ತರ ವನ್ಯಧಾಮ ಎಂದು ಹೆಸರಿಟ್ಟು ರಕ್ಷಣೆ ಕೊಟ್ಟಿತು. ಅವರು ಹೋಗಿ ಆಗ 40 ವರ್ಷವಾಗಿತ್ತು.

ಇನ್ನು ಕೊನೆಗೆ ಹೇಳುತ್ತೇನೆ ಅಂದಿದ್ದ ಎರಡನೆಯ ಕಾರಣ. ನಮ್ಮೂರು ಗಂಗಾವತಿ ಕಡೆ, ಕಲ್ಲುಗುಡ್ಡಗಳ ನಡುವೆ. ಗುಡ್ಡದಲ್ಲಿ ಚಿರತೆ ಇವೆ. ನಾನು ಒಂಬತ್ತನೇ ಈಯತ್ತೆಯಲ್ಲಿದ್ದಾಗ ಒಂದು ಚಿರತೆ ನಮ್ಮ ಕಾಕಾನ ದೊಡ್ಡಿಯಿಂದ ಆಡು ಎಳಕೊಂಡು ಹೋಯಿತು, ಒಂದಲ್ಲ ನಾಲ್ಕು. ನಾಲ್ಕನೆಯದರ ಅರ್ಧ ತಿಂದ ಹೆಣ ಸಿಕ್ಕಾಗ ಕಾಕಾ ಅದಕ್ಕೆ ಬೆಳೆಗೆ ಹೊಡೆಯುವ ಎಣ್ಣೆ ಸುರಿದರು. ಡಬ್ಬಿ ಹೊತ್ತುಕೊಂಡು ಗುಡ್ಡ ಹತ್ತಿದವನು ನಾನು. ಎರಡು ದಿನದ ಮೇಲೆ ಬಂಡೆಯ ಸಂದಿಯಲ್ಲಿ ಚಿರತೆ ಸತ್ತು ಬಿದ್ದಿತ್ತು, ನಮ್ಮ ಮನೆಯ ನಾಯಿಯೂ ಸತ್ತಿತ್ತು. ಊರಲ್ಲಿ ನನಗೆ ಶಹಬ್ಬಾಸ್ ಸಿಕ್ಕಿತು. ಆ ಚಿರತೆಯ ಮುಂಗಾಲಿನಲ್ಲಿ ತಂತಿಯ ಉರುಳು ಕೊರೆದ ಹಳೆಯ ಗಾಯವಿತ್ತು. ನೋಡಿದೆ, ಆದರೆ ಅದೇನು ಅಂತ ನನಗೆ ಹೊಳೆಯಲಿಲ್ಲ. ಹೊಳೆದದ್ದು ಮುಂದಿನ ವರ್ಷ ತೇಜಸ್ವಿಯವರ ಪುಸ್ತಕ ಓದುವಾಗ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಮತ್ತೆ ಒಂದು ಆಡು ಹೋಗಿತ್ತು, ಕಾಕಾ ಮತ್ತೆ ಡಬ್ಬಿ ತೆಗೆದಿದ್ದರು. ನಾನು ಎದುರಾಡಿದೆ. ಹಿರಿಯರಿಗೆ ಎದುರಾಡುವುದು ನಮ್ಮ ಮನೆಯಲ್ಲಿ ಇಲ್ಲ, ಅವ್ವ ಒಳಗೆ ಕರೆದಳು, ಆದರೂ ಆಡಿದೆ. ಕಾಕಾ ಕೇಳಿದ್ದು ಒಂದೇ ಮಾತು, ಆಡಿನ ದುಡ್ಡು ನೀ ಕೊಡ್ತೀಯೇನು ಅಂತ. ನ್ಯಾಯವಾದ ಪ್ರಶ್ನೆ. ಪುಸ್ತಕ ಓದಿದವನಿಗೆ ಆಡು ಹೋಗುವುದಿಲ್ಲ, ಸಾಕಿದವನಿಗೆ ಹೋಗುತ್ತದೆ. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ನಾನೇ ಬರೆದೆ. ದೊಡ್ಡಿಗೆ ಎದೆಮಟ್ಟದ ಮುಳ್ಳಿನ ಬೇಲಿ ಬದಲು ಕಲ್ಲಿನ ಗೋಡೆ, ಮೇಲೆ ತಗಡು ಹಾಕಿದರೆ ಎರಡು ಆಡಿನ ಬೆಲೆಯಲ್ಲಿ ಮುಗಿಯುತ್ತದೆ ಅಂತ ಚೀಟಿಯಲ್ಲಿ ಬರೆದು ತೋರಿಸಿದೆ. ಕಾಕಾ ಚೀಟಿ ಕಿಸೆಗೆ ಇಟ್ಟುಕೊಂಡರು, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಡಬ್ಬಿಯನ್ನು ಮಾತ್ರ ಅಟ್ಟದ ಮೇಲೆ ಇಟ್ಟರು.

ಹೋದ ವಾರ ಫೋನು ಬಂತು. ಗೋಡೆ ಎದೆಮಟ್ಟ ಎದ್ದಿದೆಯಂತೆ, ತಗಡಿಗೆ ದುಡ್ಡು ಸಾಲದಂತೆ. ನನ್ನ ವಿದ್ಯಾರ್ಥಿವೇತನದಲ್ಲಿ ಸ್ವಲ್ಪ ಕಳಿಸಿದ್ದೇನೆ.